ಸ್ಪಷ್ಟನೆ: ‘ತಮ್ಮವರಿಗೆ ಮಾತ್ರ’ ಅನ್ನೋದು ನಿಜವಲ್ಲ

‘ಅಮೆರಿಕದ ಯಹೂದಿ ಕಾಲೇಜು ವಿದ್ಯಾರ್ಥಿಗಳು ಸೇವೆ ಮಾಡೋದು ತಮ್ಮ ಜನಕ್ಕೆ ಮಾತ್ರ, ಅವರ ಧರ್ಮವೇ ಹಾಗೆ ಹೇಳುತ್ತದೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಮೊದಲು ಧರ್ಮದ ಮಾತು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನ ಗಿಟ್ಟಿನ್ ಭಾಗದಲ್ಲೇ, ಊರಲ್ಲಿ ಶಾಂತಿ ಇರಬೇಕಾದರೆ ಯಹೂದಿಯಲ್ಲದ ಬಡವರನ್ನೂ ತಮ್ಮ ಬಡವರ ಜೊತೆಗೇ ನೋಡಿಕೊಳ್ಳಬೇಕು ಎಂದಿದೆ. ದಾನಕ್ಕೆ ಅವರು ಬಳಸುವ ‘ತ್ಸೆದಕಾ’ ಪದದ ಮೂಲ ಅರ್ಥ ನ್ಯಾಯ. ಅಂದ್ರೆ ಇದು ಕರುಣೆಯಿಂದ ಕೊಡುವ ಭಿಕ್ಷೆಯಲ್ಲ, ಕೊಡಲೇಬೇಕಾದ ಬಾಕಿ.

ಇನ್ನು ವಿದ್ಯಾರ್ಥಿಗಳ ವಿಷಯ. 2004ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜಿನಲ್ಲಿ ‘ಹಲಾ ಫಾರ್ ಹಂಗರ್’ (ಹಸಿವಿಗಾಗಿ ಹಲಾ) ಎಂಬ ವಿದ್ಯಾರ್ಥಿ ಸಂಘ ಶುರುವಾಯಿತು. ಹಲಾ ಅಂದರೆ ಶುಕ್ರವಾರ ಸಂಜೆಯ ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಊಟಕ್ಕೆ ಮಾಡುವ ಬ್ರೆಡ್. ಹಿಟ್ಟನ್ನು ಉದ್ದಕ್ಕೆ ಹೊಸೆದು, ನಮ್ಮಲ್ಲಿ ಜಡೆ ಹೆಣೆಯುವ ಹಾಗೇ ಎಳೆ ಎಳೆಯಾಗಿ ಹೆಣೆದು, ಮೇಲೆ ಮೊಟ್ಟೆ ಸವರಿ ಬೇಯಿಸುತ್ತಾರೆ. ಬೆಂದ ಮೇಲೆ ಹೊಳೆಯುತ್ತದೆ. ಹುಡುಗ ಹುಡುಗಿಯರು ಇದನ್ನು ಮಾಡಿ ಕ್ಯಾಂಪಸ್‌ನಲ್ಲಿ ಮಾರಿದರು. ಆ ಹಣ ಸುಡಾನಿನ ದಾರ್ಫುರ್ ಪ್ರದೇಶದ ಯುದ್ಧ ಸಂತ್ರಸ್ತರಿಗೂ ಹೋಯಿತು. ದಾರ್ಫುರ್ ಜನರಲ್ಲಿ ಬಹುಪಾಲು ಮುಸ್ಲಿಮರು! ಆಮೇಲೆ ಈ ಕೆಲಸ ಬೇರೆ ಬೇರೆ ಕಾಲೇಜುಗಳಿಗೂ ಹಬ್ಬಿತು.

ಹಾಗಂತ ತಮ್ಮವರಿಗಾಗಿ ಏನೂ ಮಾಡಲ್ಲ ಅಂತಲ್ಲ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಹಿಲೆಲ್ ಸಂಸ್ಥೆ ಯಹೂದಿ ವಿದ್ಯಾರ್ಥಿಗಳಿಗಾಗಿಯೇ ಇರುವುದು. ಸಬ್ಬತ್ ಊಟ, ಹಬ್ಬ ಎಲ್ಲಾ ಅಲ್ಲಿ ನಡೆಯುತ್ತದೆ. ಯಾವ ಸಮುದಾಯ ಮಾಡಲ್ಲ ಹೇಳಿ? ‘ಮಾತ್ರ’ ಅನ್ನೋ ಒಂದು ಪದ ಸುಮ್ನೆ ಸೇರಿಕೊಂಡಿದೆ ಅಷ್ಟೇ.