‘ಬ್ರಾತ್’ ಎಂಬ ಪದಕ್ಕೆ ವಯಸ್ಸಿಲ್ಲ

ಚೆಕ್ ದೇಶದ ಬ್ರನೊ ನಗರದಲ್ಲಿ ನಾನು ಕೆಲಸದಲ್ಲಿದ್ದ ವರ್ಷಗಳಲ್ಲಿ ನಮ್ಮ ಕಚೇರಿಯ ಊಟದ ಮೇಜಿನ ಸುತ್ತ ದಿನವೂ ಎರಡು ಭಾಷೆಗಳಲ್ಲಿ ಒಂದೇ ಮಾತುಕತೆ ನಡೆಯುತ್ತಿತ್ತು. ಚೆಕ್ ಸಹೋದ್ಯೋಗಿ ಚೆಕ್ ಭಾಷೆಯಲ್ಲಿ ಕೇಳಿದ್ದಕ್ಕೆ ಸ್ಲೊವಾಕ್ ಸಹೋದ್ಯೋಗಿ ಸ್ಲೊವಾಕ್ ಭಾಷೆಯಲ್ಲಿ ಉತ್ತರಿಸುತ್ತಿದ್ದರು. ಇಬ್ಬರೂ ತಮ್ಮ ಭಾಷೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಹಾಗೆ ಮಾತನಾಡುತ್ತಿದ್ದೇವೆ ಎಂಬುದು ಅವರ ಗಮನಕ್ಕೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಪೋಲೆಂಡಿನವರೊಬ್ಬರು ಅರ್ಧದಷ್ಟನ್ನು ಹಿಡಿದು ಉಳಿದರ್ಧವನ್ನು ಕೇಳಿ ತಿಳಿಯುತ್ತಿದ್ದರು. 2022ರ ಬೇಸಿಗೆಯಲ್ಲಿ ಖಾರ್ಕಿವ್‌ನಿಂದ ಮಗಳನ್ನು ಕರೆದುಕೊಂಡು ಬಂದ ಉಕ್ರೇನಿನ ಮಹಿಳೆಯೊಬ್ಬರು ಆ ಮೇಜಿಗೆ ಸೇರಿದರು.

ಖಾರ್ಕಿವ್ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ವೈದ್ಯಕೀಯ ಓದಲು ಹೋಗಿದ್ದ ನಮ್ಮ ಜಿಲ್ಲೆಗಳ ಮಕ್ಕಳು ಆ ವರ್ಷದ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಲ್ಲಿನ ನೆಲಮಾಳಿಗೆಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ರಾತ್ರಿಗಳನ್ನು ಕಳೆದದ್ದನ್ನೂ, ಮಾರ್ಚ್ 1ರಂದು ನಮ್ಮ ರಾಜ್ಯದ ಒಬ್ಬ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದನ್ನೂ ಇಲ್ಲಿ ಯಾರೂ ಮರೆತಿರಲಾರರು. ಆದರೂ ಅಂದಿನಿಂದ ಇಂದಿನವರೆಗೆ ನಮ್ಮವರ ಬರಹಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸುತ್ತಿದೆ: ‘ಅವರೆಲ್ಲ ಸ್ಲಾವ್ ಜನ, ಭಾಷೆಯೂ ಹೆಚ್ಚುಕಡಿಮೆ ಒಂದೇ, ಅದು ಅಣ್ಣತಮ್ಮಂದಿರ ಜಗಳ.’ ಹೀಗೆ ಬರೆಯುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಆದರೆ ಆ ವಾಕ್ಯ ಎಲ್ಲಿಂದ ಬಂತು, ಯಾರ ಕೈಯಲ್ಲಿ ಅದು ಏನು ಮಾಡಿದೆ ಎಂಬುದನ್ನು ತಿಳಿದವರು ಅದನ್ನು ಇಷ್ಟು ಸುಲಭವಾಗಿ ಬರೆಯಲಾರರು ಎಂದು ನನಗನ್ನಿಸುತ್ತದೆ.

ಚೆಕ್, ಸ್ಲೊವಾಕ್, ಪೋಲಿಷ್, ಉಕ್ರೇನಿಯನ್, ರಷ್ಯನ್, ಬಲ್ಗೇರಿಯನ್ ಎಲ್ಲವೂ ಸ್ಲಾವ್ ಎಂಬ ಒಂದೇ ಭಾಷಾ ಕುಟುಂಬದವು. ಆ ನೆಂಟಸ್ತಿಕೆ ನಿಜ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನೀರಿಗೆ ಪ್ರಾಗ್‌ನಿಂದ ಸೋಫಿಯಾದವರೆಗೆ, ವಾರ್ಸಾದಿಂದ ಮಾಸ್ಕೊದವರೆಗೆ ‘ವೋದಾ’ ಎಂಬ ಒಂದೇ ಪದವಿದೆ, ಉಚ್ಚಾರದಲ್ಲಷ್ಟೇ ಸಣ್ಣ ವ್ಯತ್ಯಾಸ. ಕೈಗೆ ‘ರೂಕಾ’, ಪೋಲಿಷ್‌ನಲ್ಲಿ ಮೂಗಿನ ಸ್ವರ ಬೆರೆತು ‘ರೆಂಕಾ’. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಸಂತೋಷವೂ ಇದೆ, ಏಕೆಂದರೆ ನಾವು ಸಂಸ್ಕೃತದಿಂದ ಪಡೆದ ಎಷ್ಟೋ ಪದಗಳ ದೂರದ ಸೋದರಿಯರು ಅಲ್ಲಿ ಸಿಗುತ್ತಾರೆ: ದ್ವಾರಕ್ಕೆ ರಷ್ಯನ್ನಿನ ‘ದ್ವೇರ್’, ವಿಧವೆಗೆ ‘ವ್ದೊವಾ’, ಮಧುವಿಗೆ ‘ಮ್ಯೋದ್’, ಅಗ್ನಿಗೆ ‘ಅಗೋನ್’, ಭ್ರಾತೃವಿಗೆ ‘ಬ್ರಾತ್’. ಚೆಕ್ಕರು ‘ಬ್ರತ್ರ್’ ಎನ್ನುವಾಗಲಂತೂ ಸಂಸ್ಕೃತದ ಋಕಾರವೇ ಕೇಳಿದಂತಾಗುತ್ತದೆ. ‘ಸ್ಲಾವ್’ ಎಂಬ ಹೆಸರೇ ‘ಸ್ಲೊವೊ’, ಅಂದರೆ ಮಾತು, ಎಂಬುದರಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವ ಜನ ಎಂದು ಅದರ ಅರ್ಥ. ನೆರೆಯ ಜರ್ಮನರನ್ನು ಅವರು ಮೂಕ ಎಂಬ ಅರ್ಥದ ಪದದಿಂದ ‘ನ್ಯೆಮೆತ್ಸ್’ ಎಂದು ಕರೆದರು. ಮಾತು ತಿಳಿಯುವವರು ನಮ್ಮವರು, ತಿಳಿಯದವರು ಮೂಕರು.

ಹಾಗಿದ್ದೂ ತಿಳಿಯಿತು ಎಂದುಕೊಂಡಲ್ಲೇ ಈ ಭಾಷೆಗಳು ಕೈಕೊಡುತ್ತವೆ. ಬ್ರನೊಗೆ ಬಂದ ಮೊದಲ ವಾರ ನಮ್ಮ ಉಕ್ರೇನಿನ ಗೆಳತಿ ಬೇಕರಿಯೊಂದರ ಫಲಕದಲ್ಲಿ ‘ಚೆರ್ಸ್ತ್ವಿ’ ಎಂಬ ಪದ ಓದಿ ಬ್ರೆಡ್ ಕೊಳ್ಳದೆ ಹಿಂತಿರುಗಿದ್ದರು. ಚೆಕ್ ಮತ್ತು ಸ್ಲೊವಾಕ್ ಭಾಷೆಗಳಲ್ಲಿ ಅದಕ್ಕೆ ತಾಜಾ ಎಂದರ್ಥ. ಪೋಲಿಷ್, ಉಕ್ರೇನಿಯನ್, ರಷ್ಯನ್ ಮೂರರಲ್ಲೂ ಒಣಗಿ ಗಟ್ಟಿಯಾದ ಹಳಸಲು ಎಂದರ್ಥ. ರಷ್ಯನ್ನಿನ ‘ಜಪೋಮ್ನಿತ್’ ಎಂದರೆ ನೆನಪಿಟ್ಟುಕೊಳ್ಳುವುದು, ಪೋಲಿಷ್‌ನ ‘ಜಪೊಮ್ನ್ಯೆಚ್’ ಎಂದರೆ ಮರೆಯುವುದು. ಉಕ್ರೇನಿಯನ್ನಿನ ‘ನೆದೀಲ್ಯಾ’ ಭಾನುವಾರ, ರಷ್ಯನ್ನಿನ ‘ನೆದೇಲ್ಯಾ’ ಇಡೀ ವಾರ. ಒಂದೇ ಬೇರಿನ ಪದಗಳು ಸಾವಿರ ವರ್ಷ ಬೇರೆ ಬೇರೆ ಮನೆಗಳಲ್ಲಿ ಬಾಳಿದ್ದರ ಫಲ ಇದು.

ಈಗ ‘ಬ್ರಾತ್’ ಎಂಬ ಪದಕ್ಕೆ ಬರುತ್ತೇನೆ. ಅಚ್ಚಗನ್ನಡದಲ್ಲಿ ಒಡಹುಟ್ಟಿದ ಗಂಡಸನ್ನು ಕರೆಯಬೇಕಾದರೆ ಅವನು ಅಣ್ಣನೋ ತಮ್ಮನೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ವಯಸ್ಸಿಲ್ಲದ ‘ಸಹೋದರ’ ನಮಗೆ ಸಂಸ್ಕೃತದಿಂದ ಬಂದದ್ದು. ಸ್ಲಾವ್ ಭಾಷೆಗಳ ‘ಬ್ರಾತ್’ ಅಂಥದ್ದೇ ಪದ. ಅದರಲ್ಲಿ ಹಿರಿಯನಿಲ್ಲ, ಕಿರಿಯನಿಲ್ಲ. ಆದ್ದರಿಂದಲೇ ಸೋವಿಯತ್ ಕಾಲದಲ್ಲಿ ರಷ್ಯನ್ ಜನರನ್ನು ಉಳಿದವರ ಮೇಲಿಡಲು ಅದಕ್ಕೆ ‘ಸ್ತಾರ್ಷಿ’, ಅಂದರೆ ಹಿರಿಯ, ಎಂಬ ವಿಶೇಷಣವನ್ನು ಹೊರಗಿನಿಂದ ಅಂಟಿಸಬೇಕಾಯಿತು. ಇಡೀ ಕಥೆ ಆ ವಿಶೇಷಣದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಉಕ್ರೇನಿಯನ್ ಭಾಷೆಯ ಚರಿತ್ರೆಯನ್ನೇ ನೋಡಬಹುದು. 1863ರಲ್ಲಿ ರಷ್ಯಾ ಸಾಮ್ರಾಜ್ಯದ ಗೃಹಮಂತ್ರಿ ಪ್ಯೋತರ್ ವಲುಯೆವ್ ಹೊರಡಿಸಿದ ಗುಪ್ತ ಸುತ್ತೋಲೆ, ಆ ಭಾಷೆಯಲ್ಲಿ ಧಾರ್ಮಿಕ ಗ್ರಂಥಗಳನ್ನಾಗಲಿ ಜನಸಾಮಾನ್ಯರ ಓದಿನ ಪುಸ್ತಕಗಳನ್ನಾಗಲಿ ಅಚ್ಚು ಮಾಡುವುದನ್ನು ತಡೆಯಿತು. ಅಂಥ ಪ್ರತ್ಯೇಕ ಭಾಷೆ ಹಿಂದೆ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಇರಲೂ ಸಾಧ್ಯವಿಲ್ಲ, ಅದು ಪೋಲೆಂಡಿನ ಪ್ರಭಾವದಿಂದ ಕೆಟ್ಟ ರಷ್ಯನ್ ಅಷ್ಟೇ ಎಂಬ ವಾದವನ್ನು ಅದರಲ್ಲಿ ಉಲ್ಲೇಖಿಸಲಾಗಿತ್ತು. ಇಲ್ಲದ ಭಾಷೆಯನ್ನು ನಿಷೇಧಿಸುವ ಅಗತ್ಯ ಯಾರಿಗೂ ಬರುವುದಿಲ್ಲ. 1876ರಲ್ಲಿ ಎರಡನೆಯ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಊರಿನಲ್ಲಿ ಸಹಿ ಹಾಕಿದ ಆಜ್ಞೆ ಇನ್ನೂ ಮುಂದೆ ಹೋಗಿ, ಹೊರಗಿನಿಂದ ಉಕ್ರೇನಿಯನ್ ಪುಸ್ತಕ ತರುವುದನ್ನೂ ಆ ಭಾಷೆಯ ರಂಗಪ್ರದರ್ಶನಗಳನ್ನೂ ನಿಲ್ಲಿಸಿತು. ಅದಕ್ಕೂ ಮೊದಲು, ಜೀತದ ಕುಟುಂಬದಲ್ಲಿ ಹುಟ್ಟಿ 1838ರಲ್ಲಿ ಬಿಡುಗಡೆ ಪಡೆದ ಕವಿ ತರಾಸ್ ಶೆವ್ಚೆಂಕೊ ಅವರನ್ನು 1847ರಲ್ಲಿ ಸಿಪಾಯಿಯಾಗಿ ಒರೆನ್‌ಬುರ್ಗ್ ಕಡೆಗೆ ಗಡೀಪಾರು ಮಾಡಿದಾಗ, ಅವರು ಬರೆಯಲೂ ಬಾರದು, ಚಿತ್ರ ಬಿಡಿಸಲೂ ಬಾರದು ಎಂಬ ಷರತ್ತನ್ನು ತ್ಸಾರ್ ಮೊದಲನೆಯ ನಿಕೊಲಾಯ್ ಸ್ವತಃ ಸೇರಿಸಿದ್ದ. ಹತ್ತು ವರ್ಷ ಆ ಶಿಕ್ಷೆ ನಡೆಯಿತು. ಸೋವಿಯತ್ ಆಡಳಿತ 1933ರಲ್ಲಿ ಉಕ್ರೇನಿಯನ್ ವರ್ಣಮಾಲೆಯಿಂದ ‘ಗ’ ಉಚ್ಚಾರದ ಒಂದು ಅಕ್ಷರವನ್ನೇ ತೆಗೆದುಹಾಕಿತು, ಏಕೆಂದರೆ ರಷ್ಯನ್ನಿನಲ್ಲಿ ಆ ಅಕ್ಷರವಿರಲಿಲ್ಲ. ಅದು ಮರಳಿದ್ದು 1990ರಲ್ಲಿ. ಒಂದು ಅಕ್ಷರಕ್ಕೆ 57 ವರ್ಷಗಳ ವನವಾಸ.

‘ಭಾಷೆ ಒಂದೇ’ ಎಂಬವರು ಪದಗಳನ್ನಾದರೂ ಎದುರುಬದುರು ಇಟ್ಟು ನೋಡಬೇಕು. ಧನ್ಯವಾದಕ್ಕೆ ಉಕ್ರೇನಿಯನ್ ‘ದ್ಯಾಕುಯು’ ಎನ್ನುತ್ತದೆ, ಪೋಲಿಷ್ ‘ಜೆಂಕುಯೆ’, ಚೆಕ್ ‘ದ್ಯೆಕುಯಿ’. ರಷ್ಯನ್ ಮಾತ್ರ ‘ಸ್ಪಸೀಬಾ’. ಕಾಗದ ಉಕ್ರೇನಿಯನ್‌ನಲ್ಲಿ ‘ಪಪೀರ್’, ಪೋಲಿಷ್‌ನಲ್ಲಿ ‘ಪಾಪ್ಯೆರ್’, ರಷ್ಯನ್‌ನಲ್ಲಿ ‘ಬುಮಾಗಾ’. ಸಕ್ಕರೆ ಉಕ್ರೇನಿಯನ್‌ನಲ್ಲಿ ‘ತ್ಸೂಕೊರ್’, ಚೆಕ್‌ನಲ್ಲಿ ‘ತ್ಸುಕ್ರ್’, ರಷ್ಯನ್‌ನಲ್ಲಿ ‘ಸಾಖರ್’. (ನಮ್ಮ ನಾಡಿನ ಶರ್ಕರೆಯೇ ಬೇರೆ ಬೇರೆ ದಾರಿ ಹಿಡಿದು ಅವರೆಲ್ಲರ ಅಡುಗೆಮನೆ ಸೇರಿದೆ.) ನಿತ್ಯದ ಪದಸಂಪತ್ತಿನ ಎಷ್ಟೋ ಕಡೆ ಉಕ್ರೇನಿಯನ್ ಪಶ್ಚಿಮದ ನೆರೆಯವರೊಂದಿಗೆ ನಿಲ್ಲುತ್ತದೆ. ಆದರೆ ನನ್ನ ವಾದ ಈ ಪಟ್ಟಿಯ ಮೇಲೆ ನಿಂತಿಲ್ಲ. ನಾಳೆ ಯಾರೋ ಲೆಕ್ಕ ಹಾಕಿ ಎರಡೂ ಭಾಷೆಗಳಲ್ಲಿ ನೂರಕ್ಕೆ ತೊಂಬತ್ತು ಪದಗಳು ಸಮಾನ ಎಂದು ತೋರಿಸಿದರೂ ಒಬ್ಬರಿಗೆ ಇನ್ನೊಬ್ಬರ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ನಮ್ಮ ಖಾರ್ಕಿವ್ ಗೆಳತಿ ಹುಟ್ಟಿದಂದಿನಿಂದ ಮನೆಯಲ್ಲಿ ಆಡಿದ್ದು ರಷ್ಯನ್ನೇ, ಆ ನಗರದ ಬಹುಪಾಲು ಜನರಂತೆ. 2021ರ ಜುಲೈಯಲ್ಲಿ ರಷ್ಯಾದ ಅಧ್ಯಕ್ಷರು ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ದೀರ್ಘ ಲೇಖನ ಪ್ರಕಟಿಸಿದ್ದರು. ಏಳು ತಿಂಗಳ ನಂತರ ಅದೇ ಭಾಷೆಯಾಡುವ ಆ ನಗರದ ಮೇಲೆಯೇ ಶೆಲ್‌ಗಳು ಬಿದ್ದವು. ಈಗ ಆಕೆ ಮಗಳೊಂದಿಗೆ ಉಕ್ರೇನಿಯನ್ ಮಾತ್ರ ಆಡುತ್ತಾರೆ. ಕೆಲವೊಮ್ಮೆ ಪದಕ್ಕೆ ತಡಕಾಡುತ್ತಾರೆ, ಆಗ ಮಗಳು ತಿದ್ದುತ್ತಾಳೆ.

‘ಅಣ್ಣತಮ್ಮಂದಿರ ಜಗಳ’ ಎಂಬ ಮಾತಿಗೂ ಹಳೆಯ ವಂಶಾವಳಿ ಇದೆ. 1831ರಲ್ಲಿ ಪೋಲೆಂಡಿನ ದಂಗೆಯನ್ನು ರಷ್ಯಾ ಸೇನೆ ಹತ್ತಿಕ್ಕುತ್ತಿದ್ದಾಗ ರಷ್ಯನ್ ಕವಿ ಪುಷ್ಕಿನ್ ಕವಿತೆಯೊಂದರಲ್ಲಿ ಯೂರೋಪಿನವರಿಗೆ, ಇದು ಸ್ಲಾವರ ನಡುವಿನ ಹಳೆಯ ಮನೆಜಗಳ, ನೀವು ಬಾಯಿ ಹಾಕಬೇಡಿ ಎಂದು ಹೇಳಿದ್ದರು. ಅಷ್ಟು ದೊಡ್ಡ ಕವಿ ಹಾಗೆ ಬರೆದದ್ದು ನನಗೆ ಇಂದಿಗೂ ದುಃಖದ ಸಂಗತಿ. ಮನೆಜಗಳ ಎಂದೊಡನೆ ಹೊರಗಿನವರು ದೂರ ಸರಿಯುತ್ತಾರೆ. ಒಳಗೆ ಏಟು ತಿನ್ನುವವನ ಕೂಗು ಮನೆಯೊಳಗೇ ಉಳಿಯುತ್ತದೆ. 1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದೊಳಗೆ ನುಗ್ಗಿದಾಗ ಅದಕ್ಕೆ ಕೊಟ್ಟ ಹೆಸರು ‘ಭ್ರಾತೃತ್ವದ ನೆರವು’. ಜೊತೆಗಿದ್ದವರಲ್ಲಿ ಪೋಲೆಂಡಿನ, ಬಲ್ಗೇರಿಯಾದ ಸೈನಿಕರೂ ಇದ್ದರು, ಅವರೂ ಸ್ಲಾವರೇ. ಬ್ರನೊದ ಹಿರಿಯರ ಬಾಯಲ್ಲಿ ಆ ಎರಡು ಪದಗಳು ಇಂದಿಗೂ ಸಲೀಸಾಗಿ ಬರುವುದಿಲ್ಲ.

ಈ ಅಪಾಯವನ್ನು ಬಹಳ ಮೊದಲೇ ಕಂಡವರು ಚೆಕ್ ಪತ್ರಕರ್ತ ಕಾರೆಲ್ ಹಾವ್ಲೀಚೆಕ್. ಸ್ಲಾವರೆಲ್ಲರ ಐಕ್ಯದ ಕನಸು ಹೊತ್ತು ತರುಣನಾಗಿ ಮಾಸ್ಕೊಗೆ ಹೋಗಿ, ಮನೆಪಾಠ ಹೇಳುತ್ತಾ ಅಲ್ಲಿನ ಬದುಕನ್ನು ಹತ್ತಿರದಿಂದ ಕಂಡು ಹಿಂತಿರುಗಿದ ಅವರು, 1846ರಲ್ಲಿ ತಾನು ಸ್ಲಾವ್ ಅಲ್ಲ, ಚೆಕ್ ಎಂದು ಬರೆದರು. ರಷ್ಯನ್ನರು ಈಗ ತಮ್ಮನ್ನು ಸ್ಲಾವರೆಂದು ಕರೆದುಕೊಳ್ಳುವುದು ಮುಂದೆ ಸ್ಲಾವ್ ಎನ್ನುವುದನ್ನೆಲ್ಲ ರಷ್ಯನ್ ಎಂದು ಕರೆಯುವುದಕ್ಕಾಗಿ ಎಂಬುದು ಅವರ ಎಚ್ಚರಿಕೆಯಾಗಿತ್ತು. ಎರಡು ವರ್ಷಗಳ ಬಳಿಕ ಪ್ರಾಗ್‌ನಲ್ಲಿ ಮೊದಲ ಸ್ಲಾವ್ ಸಮಾವೇಶ ಸೇರಿದಾಗ ಅವರೂ ಅದರಲ್ಲಿ ದುಡಿದರು. ನೆಂಟಸ್ತಿಕೆಯನ್ನು ಅವರು ತೊರೆದಿರಲಿಲ್ಲ, ಯಜಮಾನಿಕೆಯನ್ನು ಒಪ್ಪಲಿಲ್ಲ.

ಭಾಷೆ ನಿಜಕ್ಕೂ ಒಂದೇ ಆಗಿರುವ ಕಡೆಯೂ ಆ ಒಂದುತನ ಯಾರನ್ನೂ ಕಾಪಾಡಲಿಲ್ಲ. ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಮಾಂಟೆನೆಗ್ರೊಗಳ ಶಿಷ್ಟಭಾಷೆಗಳೆಲ್ಲ ‘ಷ್ತೊ’ ಎಂಬ ಒಂದೇ ಉಪಭಾಷೆಯ ಮೇಲೆ ನಿಂತಿವೆ. ‘ಏನು’ ಎಂಬುದಕ್ಕೆ ಬಳಸುವ ಪದವೇ ಆ ಉಪಭಾಷೆಯ ಹೆಸರು. ಬೋಸ್ನಿಯಾದ ಸಿಗರೇಟ್ ಪೊಟ್ಟಣದ ಮೇಲೆ ಧೂಮಪಾನದ ಎಚ್ಚರಿಕೆಯನ್ನು ಮೂರು ಭಾಷೆಗಳಿಗಾಗಿ ಮೂರು ಸಲ ಅಚ್ಚು ಹಾಕಿರುತ್ತಾರೆ, ಎರಡು ಸಲ ಲ್ಯಾಟಿನ್ ಲಿಪಿಯಲ್ಲಿ ಅಕ್ಷರವೂ ವ್ಯತ್ಯಾಸವಿಲ್ಲದೆ, ಒಂದು ಸಲ ಸಿರಿಲಿಕ್‌ನಲ್ಲಿ. ಅದೇ ನಾಡಿನಲ್ಲಿ 1992ರಿಂದ 1995ರವರೆಗೆ ಸುಮಾರು ಒಂದು ಲಕ್ಷ ಜನ ಸತ್ತರು. ಅಲ್ಲಿನ ಸ್ರೆಬ್ರೆನಿತ್ಸಾ ಪಟ್ಟಣದ ಸಾಮೂಹಿಕ ಹತ್ಯೆಯಲ್ಲಿ ಕೊಂದವರ ಆಜ್ಞೆಯೂ ಸತ್ತವರ ಬೇಡಿಕೆಯೂ ಒಂದೇ ಮಾತಿನಲ್ಲಿದ್ದವು. 2017ರಲ್ಲಿ ಆ ನಾಲ್ಕೂ ದೇಶಗಳ ಬರಹಗಾರರು, ಭಾಷಾವಿದರು ಸಾಮಾನ್ಯ ಭಾಷೆಯ ಘೋಷಣೆಯೊಂದನ್ನು ಹೊರಡಿಸಿ, ಭಾಷೆ ಒಂದೇ, ಶಿಷ್ಟರೂಪಗಳು ನಾಲ್ಕು, ಅದನ್ನು ಯಾವ ಹೆಸರಿನಿಂದ ಕರೆಯುವುದೆಂಬುದು ಅವರವರಿಗೆ ಬಿಟ್ಟದ್ದು ಎಂದರು. ಒಂದುತನವನ್ನು ಹಕ್ಕು ಸಾಧಿಸದೆ ಹೇಳಲು ಸಾಧ್ಯ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಮತ್ತೆ ನಮ್ಮ ಊಟದ ಮೇಜಿಗೆ. ಚೆಕ್ಕರು ಮತ್ತು ಸ್ಲೊವಾಕರ ನಡುವಿನ ನೆಮ್ಮದಿ ಮೊದಲಿನಿಂದಲೂ ಇದ್ದುದಲ್ಲ. 1843ರಲ್ಲಿ ಲ್ಯುದೊವಿತ್ ಷ್ತೂರ್ ಮತ್ತು ಅವರ ಗೆಳೆಯರು ನಡುನಾಡಿನ ಆಡುಮಾತನ್ನು ಆಧರಿಸಿ ಸ್ಲೊವಾಕ್ ಲಿಖಿತ ಭಾಷೆಯನ್ನು ರೂಪಿಸಲು ತೀರ್ಮಾನಿಸಿದಾಗ, ಇದ್ದ ಚೆಕ್ ಸಾಲದೆ ಇದೇಕೆ ಒಡಕು ಎಂದು ಮುನಿದವರು ಪ್ರಾಗ್‌ನಲ್ಲಿ ಹಲವರಿದ್ದರು. ಇಬ್ಬರೂ ಒಟ್ಟಿಗಿದ್ದ ಚೆಕೊಸ್ಲೊವಾಕಿಯಾದ 1920ರ ಭಾಷಾ ಕಾನೂನು ‘ಚೆಕೊಸ್ಲೊವಾಕ್ ಭಾಷೆ’ ಎಂಬ ಒಂದೇ ಭಾಷೆಯನ್ನು ರಾಜ್ಯಭಾಷೆಯೆಂದು ಸಾರಿತು. ಹಾಗೆಂದು ಯಾರೂ ಆಡುವ ಭಾಷೆ ಇರಲಿಲ್ಲ. ವ್ಯವಹಾರದಲ್ಲಿ ಅದು ಬಹಳ ಕಡೆ ಚೆಕ್ಕೇ ಆಗುತ್ತಿತ್ತು. 1990ರಲ್ಲಿ ದೇಶದ ಹೆಸರಿನ ನಡುವೆ ಒಂದು ಅಡ್ಡಗೆರೆ ಬೇಕೇ ಬೇಡವೇ ಎಂದು ಸಂಸತ್ತಿನಲ್ಲಿ ಕಾದಾಡಿದ್ದನ್ನು ಹೊರಗಿನವರು ಕ್ಷುಲ್ಲಕ ಎಂದುಕೊಂಡರು. ಆ ಗೆರೆಯಲ್ಲಿ ಸ್ಲೊವಾಕರು ಕೇಳುತ್ತಿದ್ದುದು ತಾವು ಇನ್ನೊಬ್ಬರ ಹೆಸರಿನ ಬಾಲವಲ್ಲ ಎಂಬ ಮನ್ನಣೆಯನ್ನು. ‘ನಿಮ್ಮ ಭಾಷೆ ನಮ್ಮದರಿಂದ ಹುಟ್ಟಿದ್ದು’ ಎಂಬ ಮಾತು ಕೇಳಿ ನೊಂದ ಕನ್ನಡಿಗರಿಗೆ ಇದು ಅರ್ಥವಾಗಬೇಕು. ತುಳುವರ ಅಥವಾ ಕೊಡವರ ಮಾತನ್ನು ಕನ್ನಡದ ಉಪಭಾಷೆ ಎಂದುಬಿಡುವ ನಮ್ಮವರಿಗೆ ಇನ್ನೂ ಹೆಚ್ಚು ಅರ್ಥವಾಗಬೇಕು.

1993ರ ಜನವರಿ 1ರಂದು ಒಂದು ಗುಂಡೂ ಹಾರದೆ ಎರಡು ದೇಶಗಳಾದವು. ಜನಮತಗಣನೆ ನಡೆಸದೆ ನಾಯಕರೇ ತೀರ್ಮಾನಿಸಿದ್ದು ತಪ್ಪೆಂದು ಇಂದಿಗೂ ಹೇಳುವವರಿದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಆಸ್ತಿಯನ್ನು ಜನಸಂಖ್ಯೆಯಂತೆ ಎರಡಕ್ಕೆ ಒಂದರ ಪಾಲಿನಲ್ಲಿ ಹಂಚಿಕೊಂಡರು. ರಾಷ್ಟ್ರಗೀತೆ ಒಂದು ಚೆಕ್ ಹಾಡಿನ ಬೆನ್ನಿಗೆ ಒಂದು ಸ್ಲೊವಾಕ್ ಹಾಡನ್ನು ಜೋಡಿಸಿ ಮಾಡಿದ್ದಾಗಿತ್ತು. ಅವರವರ ಹಾಡನ್ನು ಅವರವರು ಕೊಂಡೊಯ್ದರು. ಬೇರೆಯಾದ ಮೇಲೆ ಹಿರಿಯನೆಂಬ ಪಟ್ಟಕ್ಕೆ ಯಾರೂ ಉಳಿಯಲಿಲ್ಲ. ಚೆಕ್ ದೇಶದ ಆಡಳಿತ ಕಾನೂನಿನಂತೆ ಇಂದಿಗೂ ಸ್ಲೊವಾಕ್ ಭಾಷೆಯಲ್ಲೇ ಅರ್ಜಿ ಕೊಡಬಹುದು, ಅನುವಾದ ಬೇಕಿಲ್ಲ. ಬ್ರನೊದ ಮಸಾರಿಕ್ ವಿಶ್ವವಿದ್ಯಾಲಯದಲ್ಲಿ ಸ್ಲೊವಾಕ್ ವಿದ್ಯಾರ್ಥಿಗಳು ತಮ್ಮ ಭಾಷೆಯಲ್ಲೇ ಉತ್ತರ ಬರೆಯುವುದು ಅಲ್ಲಿ ಸಹಜ ಸಂಗತಿ. ಒಂದು ಕೊರತೆಯೂ ಇದೆ: ಚೆಕ್ ಪುಸ್ತಕ, ಚೆಕ್ ದೂರದರ್ಶನಗಳ ನಡುವೆ ಬೆಳೆಯುವ ಸ್ಲೊವಾಕ್ ಮಕ್ಕಳಿಗೆ ಚೆಕ್ ಚೆನ್ನಾಗಿ ತಿಳಿಯುತ್ತದೆ, ಚೆಕ್ ಮಕ್ಕಳಿಗೆ ಸ್ಲೊವಾಕ್ ಅಷ್ಟು ತಿಳಿಯುವುದಿಲ್ಲ. ಇದರ ಬಗ್ಗೆ ಬೇಸರ ತೋಡಿಕೊಂಡವರು ನಮ್ಮ ಮೇಜಿನಲ್ಲಿ ಚೆಕ್ಕರೇ.

ಕಳೆದ ವರ್ಷ ಖಾರ್ಕಿವ್ ಗೆಳತಿಯ ಮಗಳ ಶಾಲೆಯಿಂದ ಪ್ರವಾಸದ ಚೀಟಿ ಬಂದಿತ್ತು, ‘ಕ್ವ್ಯೆತೆನ್’ ತಿಂಗಳಲ್ಲಿ ಎಂದು. ಉಕ್ರೇನಿಯನ್‌ನಲ್ಲಿ ‘ಕ್ವೀತೆನ್’ ಎಂದರೆ ಏಪ್ರಿಲ್, ಚೆಕ್ ‘ಕ್ವ್ಯೆತೆನ್’ ಮೇ. ಎರಡೂ ಹೂವಿನ ತಿಂಗಳುಗಳೇ. ಒಂದು ತಿಂಗಳು ಮೊದಲೇ ಬುತ್ತಿ ಕಟ್ಟಿ ಮಗಳನ್ನು ಕಳಿಸಿದ ಮೇಲೆ ಆಕೆ ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಹೆಸರುಗಳನ್ನು ಉಕ್ರೇನಿಯನ್, ಪೋಲಿಷ್, ಚೆಕ್ ಮೂರು ಸಾಲಾಗಿ ಬರೆದು ಮೇಜಿನ ಪಕ್ಕದ ಗೋಡೆಗೆ ಅಂಟಿಸಿದರು. ಮೂರೂ ಭಾಷೆಗಳ ಹೆಸರುಗಳು ಕೂಡಿ ಬರುವುದು ಜೂನ್, ಆಗಸ್ಟ್ ಮತ್ತು ಎಲೆ ಉದುರುವ ನವೆಂಬರ್‌ನಲ್ಲಿ ಮಾತ್ರ. ಆ ಮೂರಕ್ಕೆ ಮಗಳು ಹಳದಿ ಬಣ್ಣ ಹಚ್ಚಿದ್ದಾಳೆ. ಉಳಿದ ಒಂಬತ್ತನ್ನು ಹಾಗೆಯೇ ಬಿಟ್ಟಿದ್ದಾಳೆ.