ಒಂದು ಚೊಂಬು ಜಾಸ್ತಿ

ಕುಂಡದ ಮಣ್ಣಿನಲ್ಲಿ ಏನೋ ಮಿಸುಕಿದ್ದು ಕಂಡರೆ ಸಾಕು, ಮನೆಯಲ್ಲಿ ಎರಡು ಪಂಗಡ ಹುಟ್ಟಿಕೊಳ್ಳುತ್ತವೆ. ಒಂದು ಪಂಗಡ ಜಿರಳೆ ಸ್ಪ್ರೇ ತರಲು ಹೊರಡುತ್ತದೆ, ಇನ್ನೊಂದು ಅರಿಶಿನದ ಡಬ್ಬಿಗೆ ಕೈ ಹಾಕುತ್ತದೆ. ಅದೇನು ಹುಳ ಅಂತ ಬಗ್ಗಿ ನೋಡುವವರು ಮಾತ್ರ ಯಾರೂ ಇಲ್ಲ.

ನೋಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೂ ಆದೀತು. ನೀರು ಹಾಕಿದ ಕೂಡಲೇ ಬಿಳಿ ಚುಕ್ಕೆಗಳು ಚಂಗನೆ ಎಗರಿ ನೀರಿನ ಮೇಲೆ ತೇಲುತ್ತಿವೆಯಾ? ಅವು ಸ್ಪ್ರಿಂಗ್‌ಟೇಲ್. ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲು ಬಾಲವನ್ನು ಪಟ್ಟನೆ ಬಿಚ್ಚಿ ನೆಲಕ್ಕೆ ಬಡಿದು ಮೇಲೆ ಚಿಮ್ಮುತ್ತವೆ. ಆರು ಕಾಲಿದ್ದರೂ ವಿಜ್ಞಾನಿಗಳು ಇವನ್ನು ಈಗ ಕೀಟಗಳ ಸಾಲಿನಿಂದ ಹೊರಗಿಟ್ಟಿದ್ದಾರೆ, ಪಾಪ. ತಿನ್ನುವುದು ಕೊಳೆತ ಎಲೆ, ಬೂಷ್ಟು. ಅವುಗಳಿಂದ ಗಿಡಕ್ಕೆ ತೊಂದರೆ ಇಲ್ಲ. ಮಣ್ಣಿನ ಮೇಲೆ ಎಂಟು ಕಾಲಿನ ಕಂದು ನುಸಿಗಳು ಓಡಾಡುತ್ತಿದ್ದರೂ ಗಾಬರಿ ಬೇಡ. ಅವೂ ಬಹುಪಾಲು ಕೊಳೆತದ್ದನ್ನೇ ತಿನ್ನುವಂಥವು. ಕೆಲವಂತೂ ಬೇರೆ ಹುಳಗಳ ಮೊಟ್ಟೆ, ಮರಿಗಳನ್ನೇ ಹುಡುಕಿ ತಿನ್ನುತ್ತವೆ. ಎಲೆಯಡಿ ಬಲೆ ಕಟ್ಟಿ ರಸ ಹೀರುವ ನುಸಿ ಬೇರೆ, ಅದರ ಕಥೆ ಇಲ್ಲಿ ಬೇಡ.

ತಲೆನೋವು ಅಂದರೆ ಕಪ್ಪು ಪುಟಾಣಿ ನೊಣಗಳು. ಫಂಗಸ್ ನ್ಯಾಟ್. ಟಿವಿ ನೋಡುತ್ತಿದ್ದರೆ ಮೂಗಿನ ಮುಂದೆ, ಕಾಫಿ ಕುಡಿಯುತ್ತಿದ್ದರೆ ಲೋಟದ ಅಂಚಿನಲ್ಲಿ. ಡೆಂಗಿ ಸುದ್ದಿ ಬರುವ ಮಳೆಗಾಲದಲ್ಲಿ ಸೊಳ್ಳೆ ಅಂದುಕೊಂಡು ಬ್ಯಾಟ್ ಬೀಸುವವರಿದ್ದಾರೆ. ಇವು ಕಚ್ಚುವುದೇ ಇಲ್ಲ. ಹಾರುವ ನೊಣ ಬದುಕುವುದು ಸುಮಾರು ಒಂದು ವಾರ. ಅಷ್ಟರಲ್ಲಿ ಒದ್ದೆ ಮಣ್ಣಿನಲ್ಲಿ ಮೊಟ್ಟೆಗಳ ರಾಶಿಯನ್ನೇ ಇಟ್ಟು ಹೋಗುತ್ತದೆ. ಮೊಟ್ಟೆಯಿಂದ ಮತ್ತೆ ನೊಣವಾಗಲು 3–4 ವಾರ. ನಡುವಿನ ಮರಿಹುಳದ ಮೈ ಗಾಜಿನಂತೆ ತಿಳಿ, ತಲೆ ಮಾತ್ರ ಕಪ್ಪಗೆ ಮಿಂಚುತ್ತದೆ. ಮಣ್ಣಿನಲ್ಲಿ ಇವೆಯೋ ಇಲ್ಲವೋ ಅಂತ ತಿಳಿಯಲು ಆಲೂಗಡ್ಡೆಯ ಒಂದು ಬಿಲ್ಲೆ ಸಾಕು. ಮಣ್ಣಿನ ಮೇಲೆ ಒತ್ತಿಟ್ಟು, ಒಂದೆರಡು ದಿನ ಬಿಟ್ಟು ಮಗುಚಿ ನೋಡಿ. ಇದ್ದರೆ ಅಲ್ಲಿ ಊಟಕ್ಕೆ ಕೂತಿರುತ್ತವೆ. ಬೂಷ್ಟು ಸಾಲದಿದ್ದರೆ ಎಳೆ ಬೇರಿಗೂ ಬಾಯಿ ಹಾಕುತ್ತವೆ. ಸಸಿಗಳು ಸೊರಗುವುದು ಹೀಗೆ.

ಇಷ್ಟಕ್ಕೂ ಇವನ್ನು ಸಾಕುತ್ತಿರುವವರು ಯಾರು? ನಮ್ಮ ಮನೆಯ ಮನಿ ಪ್ಲಾಂಟಿನ ದಿನಚರಿ ಕೇಳಿ. ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಒಂದು ಚೊಂಬು ನೀರು ಹಾಕುತ್ತಾರೆ. ವಾಕಿಂಗಿನಿಂದ ಬಂದ ಮಾವ, ಅದು ಬಾಡಿದೆ ಅನ್ನಿಸಿ ಇನ್ನೊಂದು ಚೊಂಬು. ಸಂಜೆ ಮಗಳು ಸ್ಕೂಲಿನ ನೀರಿನ ಬಾಟಲಿ ಖಾಲಿ ಮಾಡುವುದೂ ಅಲ್ಲೇ, ಕುಡಿಯಲಿಲ್ಲ ಅಂತ ಬೈಸಿಕೊಳ್ಳಬಾರದಲ್ಲ! ಜೊತೆಗೆ ಅಕ್ಕಿ ತೊಳೆದ ನೀರು, ಟೀ ಚರಟ. ನಮ್ಮವರಿಗೆ ಗಿಡದ ಮೇಲೆ ಪ್ರೀತಿ ಅಂದರೆ ನೀರು. ನೆಂಟರಿಗೆ ಬೇಡ ಬೇಡ ಅಂದರೂ ಬಡಿಸಿದ ಹಾಗೆ. ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ, ಅದೇ ಕೊಕೊಪೀಟ್, ಬೇರೆ ಮೋಸಗಾತಿ. ಮೇಲೆ ಒಣಗಿದಂತೆ ಕಾಣುತ್ತದೆ, ಬೆರಳು ಇಳಿಸಿದರೆ ಒಳಗೆ ತೊಪ್ಪೆ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ಬೇಸಿಗೆಯಲ್ಲಿ ಗಿಡಗಳಿಗೆ ತರಕಾರಿ ತೊಳೆದ ನೀರೇ ಗತಿ, ಅದೂ ಸರದಿ ಪ್ರಕಾರ. ಗಿಡ ಒಂದೂ ಸಾಯಲಿಲ್ಲ. ನೊಣಗಳು ನಾಪತ್ತೆ. ಜೂನಿನಲ್ಲಿ ಮಳೆ ಬಂತು, ಚೊಂಬು ಬಂತು, ನೊಣಗಳೂ ಬಂದವು.

ಹಾಗಾಗಿ ನನ್ನ ಪ್ರಕಾರ ಮೊದಲ ಮದ್ದು ಮಣ್ಣನ್ನು ಮೇಲಿನ ಒಂದು ಇಂಚು ಒಣಗಲು ಬಿಡುವುದು. ಹಳದಿ ಅಂಟು ಕಾರ್ಡು ಚುಚ್ಚಿಟ್ಟರೆ ಹಾರುವವು ಸಿಕ್ಕಿಬೀಳುತ್ತವೆ, ನೋಡಲು ಖುಷಿ. ಆದರೆ ಮಣ್ಣಿನೊಳಗಿನ ಮರಿಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅವಕ್ಕೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಪುಡಿ ಇದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ, ಸತ್ತ ಸೊಳ್ಳೆ ಮರಿಗಳ ನಡುವೆ ಸಿಕ್ಕಿದ್ದು ಇದು. ನೀರಲ್ಲಿ ಕಲಸಿ ಮಣ್ಣಿಗೆ ಹಾಕಿದರೆ ನ್ಯಾಟ್ ಮರಿಗಳ ಹೊಟ್ಟೆಯನ್ನೂ ಕೆಡಿಸುತ್ತದೆ. ಒಮ್ಮೆ ಹಾಕಿ ಕೈ ತೊಳೆದುಕೊಂಡರೆ ಆಗದು. ಹೊಸ ಮೊಟ್ಟೆಗಳು ಒಡೆಯುತ್ತಲೇ ಇರುತ್ತವಲ್ಲ, ಕೆಲವು ವಾರ ಬಿಡದೆ ಹಾಕಬೇಕು. ಒಂದು ಹಿಡಿ ಬೇವಿನ ಹಿಂಡಿಯೂ ಒಳ್ಳೆಯದೇ. ಜಿರಳೆ ಸ್ಪ್ರೇ ಮಾತ್ರ ಬೇಡ.

ನಿಜವಾಗಿ ಹೆದರಬೇಕಾದ್ದು ಕಣ್ಣಿಗೆ ಬೀಳದೆ ಬೇರಿನ ರಸ ಹೀರುವ ಹಿಟ್ಟು ತಿಗಣೆಗೆ, ಅಂದರೆ ಮೀಲಿಬಗ್‌ಗೆ. ಗಿಡ ಸುಮ್ನೆ ಹಳದಿಯಾಗುತ್ತದೆ, ನೀರು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕುಂಡದ ಬುಡದ ತೂತಿನಲ್ಲಿ ಇರುವೆಗಳ ಓಡಾಟ ಜಾಸ್ತಿಯಾದರೆ ಅನುಮಾನ ಪಡಬೇಕು. ತಿಗಣೆ ವಿಸರ್ಜಿಸುವ ಸಿಹಿ ದ್ರವಕ್ಕಾಗಿ ಇರುವೆಗಳು ಅದಕ್ಕೆ ಕಾವಲು ನಿಲ್ಲುತ್ತವೆ. ಗಿಡವನ್ನು ಕುಂಡದಿಂದ ಹೊರಗೆಳೆದರೆ ಬೇರಿನಲ್ಲಿ, ಕುಂಡದ ಒಳಗೋಡೆಯಲ್ಲಿ ಹತ್ತಿಯಂಥ ಬಿಳುಪು. ಆಗ ಬೇರು ತೊಳೆದು, ಕೆಟ್ಟದ್ದನ್ನು ಕತ್ತರಿಸಿ, ಹಳೆ ಮಣ್ಣು ಎಸೆದು, ಕುಂಡವನ್ನು ಬಿಸಿನೀರಲ್ಲಿ ಉಜ್ಜಿ ಹೊಸದಾಗಿ ನೆಡಬೇಕು. ಜನವರಿ, ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರ ಮನೆಗೆಲ್ಲ ಹೊಸ ಗಿಡಗಳು ಬರುತ್ತವೆ. ಎಲ್ಲಿಂದ ತಂದದ್ದೇ ಇರಲಿ, ಒಂದೆರಡು ವಾರ ದೂರ ಇಟ್ಟು, ಬೇರು ನೋಡಿಯೇ ಹಳೆಯವುಗಳ ಜೊತೆ ಸೇರಿಸುವುದು ಜಾಣತನ.

ನಮ್ಮಲ್ಲಿ ಈಗ ಚೊಂಬಿನ ಬಗ್ಗೆ ಒಪ್ಪಂದವಾಗಿದೆ. ಬೆರಳು ಇಳಿಸಿ ನೋಡದೆ ಯಾರೂ ನೀರು ಹಾಕುವಂತಿಲ್ಲ. ಮಾವ ಒಪ್ಪಿದರು, ಮಗಳು ತನ್ನ ಬಾಟಲಿಗೆ ಬೇರೆ ಜಾಗ ಹುಡುಕಿಕೊಂಡಳು. ತುಳಸಿಯ ವಿಷಯಕ್ಕೆ ಬಂದಾಗ ಅತ್ತೆ ಮಾತ್ರ ಜಗ್ಗಲಿಲ್ಲ.

"ತುಳಸಿಗೆ ನೀರು ಹಾಕಬೇಡ ಅಂತೀಯಲ್ಲಮ್ಮ, ಹಾಕದೆ ಕಾಫಿ ಹೇಗೆ ಕುಡೀಲಿ?"

"ಹಾಕಿ ಅತ್ತೆ, ಆದರೆ ಉದ್ಧರಣೆಯಲ್ಲಿ ಹಾಕಿ."

ಅವರು ಯೋಚಿಸಿದರು. ದೇವರಿಗೇ ಉದ್ಧರಣೆಯಲ್ಲಿ ಸಾಕಾಗುವಾಗ ತುಳಸಿಗೂ ಸಾಕು ಅಂತ ತೀರ್ಮಾನವಾಯಿತು. ಈಗ ದಿನಾ ಮೂರು ಉದ್ಧರಣೆ, ಮಂತ್ರ ಮೊದಲಿನಷ್ಟೇ ಉದ್ದ.