‘ಸುಸ್ತಾಗಿದೆ’ ಅಂದರೆ ತಪ್ಪೇನು?

ಹೋದ ತಿಂಗಳು ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಒಂದು ಸಾಲು ಬರೆದೆ: ‘ರಾತ್ರಿ ನಿದ್ದೆ ಬರ್ತಿಲ್ಲ, ತುಂಬಾ ಸುಸ್ತು.’ ಎರಡೇ ನಿಮಿಷದಲ್ಲಿ ಚಿಕ್ಕಮ್ಮನ ಉತ್ತರ ಬಂತು. ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ ಕಣಮ್ಮ. ಜೀರಿಗೆ ಕಷಾಯ ಕುಡಿ.’ ಆಮೇಲೆ ಯಾರದೋ ಗೃಹಪ್ರವೇಶದ ಹದಿನೈದು ಫೋಟೊ ಬಂದವು. ನನ್ನ ಸಾಲು ಮೇಲೆಲ್ಲೋ ಹೋಯಿತು.

ಅದೇ ವಾರ ಇಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ, ನನ್ನ ಜೊತೆ ಕೆಲಸ ಮಾಡುವ ಕಪ್ಪು ಗೆಳತಿ ತನ್ನ ಫೋನ್ ತೋರಿಸಿದಳು. ತನ್ನ ವಾಕಿಂಗ್ ಗುಂಪಿಗೆ ಅವಳೂ ಹೆಚ್ಚುಕಮ್ಮಿ ಅದನ್ನೇ ಬರೆದಿದ್ದಳು. ಒಬ್ಬಳು ‘ಬಿಪಿ ಎಷ್ಟಿದೆ?’ ಅಂತ ಕೇಳಿದ್ದಳು. ಇನ್ನೊಬ್ಬಳು, ‘ಡಾಕ್ಟರ್ ಹತ್ತಿರ ನಾನೂ ಬರ್ತೀನಿ. ನೀನು ಹೇಳಿದ್ದನ್ನ ಅವರು ಬರ್ಕೊಳ್ಳೋವರೆಗೂ ಏಳೋದು ಬೇಡ’ ಅಂದಿದ್ದಳು. ಓದುತ್ತಾ ನನಗೆ ಗಂಟಲು ಕಟ್ಟಿತು.

ಜೊತೆಗೊಬ್ಬರು ಯಾಕೆ ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಹೆರಿಗೆಗೆ ಸಂಬಂಧಿಸಿ ಸಾಯುವ ತಾಯಂದಿರ ಲೆಕ್ಕ ನೋಡಿ. 2023ರಲ್ಲಿ ಈ ದೇಶದಲ್ಲಿ ಒಂದು ಲಕ್ಷ ಜನನಕ್ಕೆ ಬಿಳಿಯರಲ್ಲಿ ಸುಮಾರು 14, ಕಪ್ಪು ಹೆಂಗಸರಲ್ಲಿ 50. 2017ರಲ್ಲಿ ಮಗಳು ಹುಟ್ಟಿದ ಮೇಲೆ ಕಪ್ಪು ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ತಾವೇ ಗುರುತು ಹಿಡಿದು ಹೇಳಿದರೂ, ಸ್ಕ್ಯಾನ್ ಮಾಡಿಸಲು ಹಟ ಹಿಡಿಯಬೇಕಾಯಿತು.

ಕಪ್ಪು ಬಣ್ಣ, ಹೆಣ್ಣು ಜೀವ, ಎರಡಕ್ಕೂ ಸೇರಿಸಿ ಬೀಳುವ ಈ ತಾತ್ಸಾರಕ್ಕೆ ಮೋಯಾ ಬೇಲಿ ಅನ್ನುವ ಕಪ್ಪು ಲೇಖಕಿ ‘ಮಿಸಾಜಿನ್ವಾರ್’ ಅಂತ ಒಂದು ಪದ ಕಟ್ಟಿದರು. ಇದೇ ಊರಿನ ಎಮರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ. ಈಗ ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಂವಹನ ವಿಭಾಗದ ಪ್ರೊಫೆಸರ್. ಕಪ್ಪು ಹೆಂಗಸರು ಯೂಟ್ಯೂಬ್, ಟ್ವಿಟರ್‌ಗಳಲ್ಲಿ ತಮ್ಮನ್ನೂ ತಮ್ಮವರನ್ನೂ ಹೇಗೆ ಕಾಪಾಡಿಕೊಳ್ಳುತ್ತಾರೆ ಅನ್ನೋದೇ ಅವರ 2021ರ ಪುಸ್ತಕದ ವಿಷಯ. ನನ್ನ ಗೆಳತಿ ಆ ಪದವನ್ನು, ನಾವು ‘ದೃಷ್ಟಿ’ ಅನ್ನುವಷ್ಟು ಸಲೀಸಾಗಿ ಆಡುತ್ತಾಳೆ. ನೋವಿಗೊಂದು ಹೆಸರು ಸಿಕ್ಕರೆ ಅದನ್ನು ಹೇಳಲು ನಾಚಿಕೆ ಆಗಲ್ಲ, ಅಲ್ವಾ?

ನಮ್ಮಲ್ಲಿ ಇರೋದು ‘ಇದ್ದದ್ದೇ’ ಅನ್ನೋ ಒಂದೇ ಮಾತು. ನಮ್ಮಜ್ಜಿ ಮಂಡಿ ನೋವಿಗೂ ಅದೇ ಕೇಳಿಸಿಕೊಂಡರು. ಅಮ್ಮ ರಕ್ತ ಕಮ್ಮಿಯಾಗಿ ಅಡುಗೆಮನೆ ಬಾಗಿಲಲ್ಲಿ ಕುಸಿದು ಕೂತ ದಿನವೂ ಅದೇ. ಅವತ್ತು ಅವರ ಕೈಯಲ್ಲಿ ಇನ್ನೂ ಒಗ್ಗರಣೆ ಸೌಟು ಇತ್ತು. ನನಗೆ ಇದು ಸಾಕಾಗಿದೆ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಬಾಣಂತನಕ್ಕೆ ಅಮ್ಮ ಮೂರು ತಿಂಗಳು ಇಲ್ಲೇ ಇದ್ದು ಎಣ್ಣೆ ಹಚ್ಚಿ ನೀರು ಹಾಕಿದ್ದನ್ನು ಹೇಳಿದಾಗ ಗೆಳತಿ ಸುಮ್ನೆ ನನ್ನ ಮುಖವನ್ನೇ ನೋಡಿದಳು. ಅವಳು ಆರನೇ ವಾರಕ್ಕೇ ಕೆಲಸಕ್ಕೆ ಹೋಗಿದ್ದಳು. ಅಮ್ಮನ ಹತ್ತಿರ ನಾನು ಸುಸ್ತು ಅಂತ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

ಗುಂಪಿನಲ್ಲಿ ಒಂದಕ್ಷರವೂ ಬರೆಯದ ದಾವಣಗೆರೆಯ ಅತ್ತಿಗೆ ಮಾರನೇ ದಿನ ನನಗೊಬ್ಬಳಿಗೇ ಮೆಸೇಜ್ ಕಳಿಸಿದ್ದರು: ‘ನಂಗೂ ಹಂಗೇ ಆಗ್ತಿದೆ ಕಣೇ. ಯಾರಿಗೂ ಹೇಳ್ಬೇಡ.’ ಈಗ ಶನಿವಾರ ಇಲ್ಲಿ ಬೆಳಿಗ್ಗೆ ಏಳಕ್ಕೆ ನಾನು ವಾಕಿಂಗ್ ಹೊರಡುತ್ತೇನೆ. ಅಲ್ಲಿ ಸಂಜೆ ನಾಲ್ಕೂವರೆ. ಅತ್ತಿಗೆ ಫೋನ್ ಹಿಡಿದು ತಾರಸಿ ಹತ್ತುತ್ತಾರೆ. ಬಟ್ಟೆ ಒಣಹಾಕಲು ಹೋಗ್ತೀನಿ ಅಂತ ಮನೆಯಲ್ಲಿ ಹೇಳಿರುತ್ತಾರೆ.